ಇಲ್ಲದ ನುಡಿಗೆ ಶಬ್ದ ಕಟ್ಟುವ ಬಗೆ

ಶಿವಮೊಗ್ಗೆಯಿಂದ ತೀರ್ಥಹಳ್ಳಿಗೆ ಹೋಗುವ ಹಾದಿಯಲ್ಲಿ, ಗಾಜನೂರು ಅಣೆಕಟ್ಟಿನಿಂದ ತಡೆದು ನಿಂತ ತುಂಗೆಯ ಹಿನ್ನೀರು ಕಾಡಿನ ಅಂಚನ್ನು ಮುಟ್ಟುವ ಎಡೆಯಲ್ಲಿ, ಸಕ್ರೆಬೈಲಿನ ಆನೆ ಬಿಡಾರವಿರುವುದು ಓದುಗರಿಗೆ ವಿದಿತವೇ ಇದೆ. ರಾತ್ರಿ ಮೇಯಲು ಕಾಡಿಗೆ ಬಿಟ್ಟ ಆನೆಗಳನ್ನು ಬೆಳಗಿನ ಹೊತ್ತು ಮಾವುತರೂ ಕಾವಾಡಿಗಳೂ ಹುಡುಕಿ ತಂದು, ಹೊಳೆಯಲ್ಲಿ ಮಲಗಿಸಿ ಮೈ ತಿಕ್ಕುವರು. ಕೆಲವು ತಿಂಗಳ ಹಿಂದೆ ಸಾಹಿತ್ಯದ ಕೆಲವು ಮಂದಿ ವಿದ್ಯಾರ್ಥಿಗಳೊಡನೆ ಅಲ್ಲಿಗೆ ಹೋಗುವ ಸಂದರ್ಭ ನಮಗೆ ಒದಗಿತು. ಅವರಲ್ಲಿ ಭದ್ರಾವತಿಯ ಕಡೆಯ ಒಬ್ಬ ಹೆಣ್ಣುಮಗಳು ಒಂದು ಕಾದಂಬರಿಯನ್ನು ಬರೆಯಲು ತೊಡಗಿದ್ದಳು. ಎಲ್ಲಿಯೂ ಇಲ್ಲದ ಒಂದು ಬೆಟ್ಟ, ಅದರ ಮೇಲೆ ಎಲ್ಲಿಯೂ ಇಲ್ಲದ ಒಂದು ಜನ, ಆ ಜನಕ್ಕೆ ಎಲ್ಲಿಯೂ ಇಲ್ಲದ ಒಂದು ನುಡಿ. ಆ ನುಡಿಗಾಗಿ ಅವಳು ಕಟ್ಟಿದ ಇನ್ನೂರಕ್ಕೂ ಮಿಕ್ಕ ಶಬ್ದಗಳು ಒಂದು ಪುಸ್ತಕದಲ್ಲಿ ಸಾಲಾಗಿ ಇದ್ದುವು: ಎಡಗಡೆ ಕನ್ನಡದ ಶಬ್ದ, ಬಲಗಡೆ ಅವಳು ಹುಟ್ಟಿಸಿದ ಶಬ್ದ. “ಸರ್, ಇದು ಭಾಷೆಯಾಯಿತೇ?” ಎಂದು ಕೇಳಿದಳು. ಕಿವಿಗೆ ಇಂಪಾದ ಶಬ್ದಗಳೇ ಅವು. ಆದರೂ ಭಾಷೆಯಾಯಿತು ಎನ್ನಲು ನಮ್ಮ ನಾಲಗೆ ಏಳಲಿಲ್ಲ. ಏಕೆ ಏಳಲಿಲ್ಲವೆಂಬುದನ್ನು ಅಂದು ವಿವರಿಸಲಾಗದೆ, ಬರೆದು ತಿಳಿಸುವುದಾಗಿ ಮಾತುಕೊಟ್ಟು ಬಂದೆವು. ಆ ಮಾತನ್ನು ಸಲ್ಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಹೊಳೆಯ ದಂಡೆಯಲ್ಲಿಯೇ ಕಂಡುದನ್ನು ಹೇಳಿಬಿಡುವುದು ಒಳ್ಳೆಯದು. ಮಾವುತನು ಆನೆಗೆ ಹೇಳುವ ಮಾತುಗಳು ದಡದಲ್ಲಿ ನಿಂತ ನಮಗೆ ಬರಿಯ ಸದ್ದುಗಳಾಗಿ ಕೇಳಿಸುತ್ತವೆ. ಸ್ವಲ್ಪ ಕಿವಿಗೊಟ್ಟರೆ ಒಂದೆರಡರ ಮೂಲ ಹೊಳೆಯುವುದು. ಕುಳ್ಳಿರಿಸಲು ಹೇಳುವ ‘ಬೈಟ್’ ಎಂಬುದು ಹಿಂದುಸ್ತಾನಿಯದು. ಮಿಕ್ಕ ಕೆಲವು ಕನ್ನಡದವು. ಮತ್ತೆ ಕೆಲವು ಯಾವ ಊರಿನವೋ, ಕೈಯಿಂದ ಕೈಗೆ ಬಂದ ಅಂಕುಶದಂತೆ ಬಾಯಿಂದ ಬಾಯಿಗೆ ಬಂದು ಸವೆದಿರುವಂಥವು. ಗಮನಾರ್ಹವಾದ ಸಂಗತಿಯೆಂದರೆ, ಮೂಲದ ಅರ್ಥ ಆನೆಗೂ ಬೇಕಿಲ್ಲ, ಮಾವುತನಿಗೂ ಬೇಕಿಲ್ಲ. ಶಬ್ದದೊಡನೆ ಕಿವಿಯ ಹಿಂದೆ ಕಾಲ್ಬೆರಳು ಒತ್ತುವುದು, ಒತ್ತಿದೊಡನೆ ಆನೆ ತಿರುಗುವುದು, ತಿರುಗಿದರೆ ಬೆಲ್ಲ ಸಿಕ್ಕುವುದು: ಹೀಗೆ ವರ್ಷಗಟ್ಟಲೆ ನಡೆದ ವ್ಯವಹಾರದಲ್ಲಿ ಆ ಸದ್ದು ಶಬ್ದವಾಗಿದೆ. ಅವೆಲ್ಲ ಗಿಡ್ಡ ಶಬ್ದಗಳು. ಒಂದನ್ನು ಕೇಳಿ ಇನ್ನೊಂದೆಂದು ಆನೆ ಭ್ರಮಿಸದಷ್ಟು ಪರಸ್ಪರ ಭಿನ್ನವಾದವು. ಯಾವ ಪಂಡಿತನೂ ಅವನ್ನು ಕೂಡಿಸಿ ಕೋಶ ಬರೆಯಲಿಲ್ಲ. ನಮ್ಮ ವಿದ್ಯಾರ್ಥಿನಿಯ ಇನ್ನೂರು ಶಬ್ದಗಳಿಗೆ ಕೋಶವಿತ್ತು, ವ್ಯವಹಾರವಿರಲಿಲ್ಲ.

ಕಾವ್ಯ ನಾಟಕಗಳಿಗಾಗಿ ನುಡಿಯನ್ನು ಕಟ್ಟುವ ಕೆಲಸ ಪಶ್ಚಿಮದಿಂದ ಈಚೆಗೆ ಬಂದ ಚಮತ್ಕಾರವೆಂದು ನಮ್ಮ ತರುಣರು ಭಾವಿಸಿದಂತಿದೆ. ಕನ್ನಡಕ್ಕೆ ಈ ವಿಷಯದೊಡನೆ ಇರುವ ನಂಟು ಬಹು ಹಳೆಯದು, ಮತ್ತು ಅದು ಆರಂಭವಾಗುವುದು ಒಂದು ನಗೆಪಾಟಲಿನಿಂದ. ಈಜಿಪ್ತ ದೇಶದ ಆಕ್ಸಿರಿಂಕಸ್ ಎಂಬ ಹಾಳೂರಿನ ಕಸದ ದಿಬ್ಬಗಳನ್ನು ಅಗೆಸಿದ ಗ್ರೆನ್ಫೆಲ್ ಮತ್ತು ಹಂಟ್ ಎಂಬ ಆಂಗ್ಲ ವಿದ್ವಾಂಸರಿಗೆ ಅಸಂಖ್ಯಾತ ಗ್ರೀಕ್ ಬರಹಗಳು ದೊರೆತುವು. 1903ರಲ್ಲಿ ಅವರು ಪ್ರಕಟಿಸಿದ ಮೂರನೆಯ ಸಂಪುಟದಲ್ಲಿ 413ನೆಯ ಸಂಖ್ಯೆಯ ಬರಹ ಒಂದು ಪ್ರಹಸನ. ಕ್ರಿಸ್ತಶಕ ಎರಡನೆಯ ಶತಮಾನದ ಹಸ್ತಪ್ರತಿ ಅದು. ಕ್ಯಾರಿಷನ್ ಎಂಬ ಗ್ರೀಕ್ ಯುವತಿ ಹಿಂದೂ ಮಹಾಸಾಗರದ ತೀರದ ಒಬ್ಬ ದೊರೆಯ ಕೈಗೆ ಸಿಕ್ಕಿ, ಅಲ್ಲಿಯ ದೇವಾಲಯದಲ್ಲಿದ್ದಾಳೆ. ಅವಳ ಅಣ್ಣನೂ ಅವನ ಸಂಗಡಿಗರೂ ಹಡಗಿನಲ್ಲಿ ಬಂದು, ದೊರೆಗೂ ಅವನ ಪರಿವಾರಕ್ಕೂ ನೀರು ಬೆರೆಸದ ಮದ್ಯವನ್ನು ಕುಡಿಸಿ ಮೈಮರೆಸಿ, ಅವಳನ್ನು ಬಿಡಿಸಿಕೊಂಡು ಹೋಗುತ್ತಾರೆ. ಯೂರಿಪಿಡೀಸನ ಇಫಿಗೇನಿಯಾ ನಾಟಕದ ವಸ್ತುವನ್ನು ಹಾಸ್ಯಕ್ಕೆ ಇಳಿಸಿದ ಕೃತಿಯೆಂದು ಪಂಡಿತರು ಹೇಳುವರು. ಒಬ್ಬ ವಿದೂಷಕನಿದ್ದಾನೆ, ಅವನ ಹಾಸ್ಯದ ಮುಖ್ಯ ಸಾಧನವನ್ನು ಈ ಪತ್ರಿಕೆಯ ಪುಟಗಳಲ್ಲಿ ಹೆಸರಿಸುವುದು ಬೇಡ. ನಡುನಡುವೆ ತಮ್ಮಟೆಯ ಬಡಿತಕ್ಕೆ ಗುರುತುಗಳನ್ನೂ ಹಾಕಿದೆ.

ಈ ಪ್ರಹಸನದಲ್ಲಿ ತೀರದ ಜನ ಆಡುವ ಮಾತುಗಳು ಗ್ರೀಕ್ ಲಿಪಿಯಲ್ಲಿವೆಯಾದರೂ ಗ್ರೀಕ್ ಭಾಷೆಯಲ್ಲಿಲ್ಲ. 1904ರಲ್ಲಿ ಹುಲ್ಷ್ ಎಂಬ ಜರ್ಮನ್ ವಿದ್ವಾಂಸರು ಅವು ಕನ್ನಡವೆಂದು ಸಾರಿದರು. ದಕ್ಷಿಣ ಭಾರತದ ಶಾಸನಗಳನ್ನು ಸಂಪಾದಿಸಿದ ಹಿರಿಯರು ಅವರು; ಕನ್ನಡ ಬಲ್ಲವರು. ಮದ್ಯಪಾನದ ಸನ್ನಿವೇಶದ ಎರಡು ಮಾತುಗಳಲ್ಲಿ ‘ಬೇರೆ’, ‘ಕೊಂಚ’, ‘ಮಧು’, ‘ಪಾತ್ರ’, ‘ಪಾನ’, ‘ಕಟ್ಟು’, ‘ಎತ್ತು’ ಮೊದಲಾದುವನ್ನು ಅವರು ಓದಿದರು. ಮೈಸೂರಿನಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ಆರ್. ಶಾಮಶಾಸ್ತ್ರಿಗಳು ಮುಂದೆ ಇನ್ನೂ ಹೆಚ್ಚು ಭಾಗಗಳನ್ನು ಕನ್ನಡವೆಂದು ಬಿಡಿಸಿದರು. ಬಾರ್ನೆಟ್ ಎಂಬ ಆಂಗ್ಲ ಪಂಡಿತರು 1926ರಲ್ಲಿ ಇದನ್ನು ಒಪ್ಪದೆ ಬರೆದರು. ಮಂಜೇಶ್ವರದ ಗೋವಿಂದ ಪೈಗಳೂ ಭಾಸ್ಕರ ಆನಂದ ಸಾಲೆತೊರೆಯವರೂ ಈ ಚರ್ಚೆಯಲ್ಲಿ ತೊಡಗಿದರು. ಒಂದು ಮಾತಿನಲ್ಲಿ ಮಲ್ಪೆಯ ಹೆಸರನ್ನು ಕಂಡವರುಂಟು. ಇದು ಕನ್ನಡವಲ್ಲ, ತುಳು ಎಂದು ವಾದಿಸಿದವರೂ ಉಂಟು. ಇವೆಲ್ಲದರ ನಡುವೆ ಗ್ರೀಕ್ ಬಲ್ಲವರಲ್ಲಿ ಬಹು ಮಂದಿ ಮೊದಲಿನಿಂದಲೂ ಹೇಳುತ್ತ ಬಂದುದು ಒಂದೇ ಮಾತು: ಇದು ಯಾವ ಭಾಷೆಯೂ ಅಲ್ಲ, ನಗಿಸುವುದಕ್ಕಾಗಿ ನಾಟಕಕಾರನು ಹುಟ್ಟಿಸಿದ ಬಡಬಡಿಕೆ.

ಇದು ಕೇವಲ ಪಂಡಿತರ ಜಗಳವಲ್ಲ. ಹಲ್ಮಿಡಿಯ ಶಾಸನವನ್ನು ಸುಮಾರು 450ಕ್ಕೆ ಹಾಕುವರು. ನಮ್ಮದೇ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸಿಂಹಕಟಾಂಜನದ ಶಾಸನ ದೊರೆತ ಮೇಲೆ ಅದನ್ನು 370ರದೆಂದು ನಿರ್ಣಯಿಸಿದವರುಂಟು. ಪ್ರಹಸನದ ಮಾತುಗಳು ಕನ್ನಡವಾದರೆ ಕನ್ನಡ ವಾಕ್ಯದ ಇತಿಹಾಸ ಇನ್ನೂ ಇನ್ನೂರು ವರ್ಷ ಹಿಂದಕ್ಕೆ ಹೋಗುವುದು. ಪ್ರೌಢಶಾಲೆಯ ಭಾಷಣಗಳಲ್ಲಿ ಈ ಸಂಗತಿ ಸಿದ್ಧಾಂತವೆಂಬಂತೆ ಬರುವುದನ್ನು ನಾವೆಲ್ಲ ಕೇಳಿದ್ದೇವೆ. ಅಭಿಮಾನ ತಪ್ಪಲ್ಲ, ಆದರೆ ಓದಿನ ಕ್ರಮವನ್ನು ಪರೀಕ್ಷಿಸದೆ ಅಭಿಮಾನ ಪಡುವುದು ತಪ್ಪು.

ಪರೀಕ್ಷಿಸಿ ನೋಡೋಣ. ಹುಲ್ಷರ ಓದಿನಲ್ಲಿ ‘ಹಾಕಿ’ ಎಂಬ ರೂಪವಿದೆ. ಕನ್ನಡದಲ್ಲಿ ಪದಾದಿಯ ಪಕಾರ ಹಕಾರವಾಗತೊಡಗಿದುದು ಸುಮಾರು ಹತ್ತನೆಯ ಶತಮಾನದ ಈಚೆಗೆ. ಪಂಪನಿಗೆ ಹಾಲು ಪಾಲೇ, ಹೂವು ಪೂವೇ. ಎಂದ ಮೇಲೆ ಎರಡನೆಯ ಶತಮಾನದ ತೀರದವನ ಬಾಯಲ್ಲಿ ‘ಹಾಕಿ’ ಬರುವುದೆಂತು? ‘ಪಾಕಿ’ ಎಂದು ತಿದ್ದಿಕೊಳ್ಳಬಹುದೆನ್ನೋಣ. ‘ಎತ್ತುವೆನು’ ಎಂಬ ಕ್ರಿಯಾರೂಪವನ್ನು ಏನು ಮಾಡುವುದು? ಆ ಉಕಾರಾಂತ ನಡುಗನ್ನಡದ್ದು. ಹಳಗನ್ನಡದಲ್ಲಿ ‘ಎತ್ತುವೆಂ’ ಎಂದೇ ಇರಬೇಕು. ‘ಮಧುವಂ’ ಎಂಬಲ್ಲಿಯ ದ್ವಿತೀಯಾ ಪ್ರತ್ಯಯಕ್ಕೆ ಪೂರ್ವದ ಹಳಗನ್ನಡದ ಶಾಸನಗಳಲ್ಲಿ ‘ಆನ್’ ಎಂಬ ದೀರ್ಘ ರೂಪ ದೊರೆಯುವುದನ್ನು ವ್ಯಾಕರಣದ ವಿದ್ಯಾರ್ಥಿಗಳು ಬಲ್ಲರು. ಅಂದರೆ ಶಾಸನಗಳಿಗಿಂತ ಹಿಂದಿನದೆನ್ನಲಾದ ಈ ಕನ್ನಡ, ಶಾಸನಗಳಿಗಿಂತ ಹೊಸದಾಗಿ ಕಾಣುತ್ತದೆ. ಇಪ್ಪತ್ತನೆಯ ಶತಮಾನದ ಕನ್ನಡ ಬಲ್ಲವನೊಬ್ಬ ಗ್ರೀಕ್ ಅಕ್ಷರಗಳ ಸಾಲನ್ನು ಎದುರಿಗಿಟ್ಟುಕೊಂಡು ತನಗೆ ಬೇಕಾದಲ್ಲಿ ಪದಗಳನ್ನು ಕಡಿದರೆ ಎಂಥ ವಾಕ್ಯ ಬರಬಹುದೋ ಅಂಥ ವಾಕ್ಯ ಬಂದಿದೆ. ತುಳು ಬಲ್ಲವರು ಕಡಿದಾಗ ತುಳು ಬಂದುದರಲ್ಲಿ ಆಶ್ಚರ್ಯವಿಲ್ಲ.

ಇನ್ನೊಂದು ಮಾತು. ಈ ಪ್ರಹಸನದಲ್ಲಿಯೇ ಒಂದೆಡೆ ತೀರದವರ ಮಾತನ್ನು ಕೇಳಿದ ಪಾತ್ರವೊಂದು “ಏನೆನ್ನುತ್ತಾರೆ?” ಎಂದು ಕೇಳಿದಾಗ, ಪಾಲಿಗಾಗಿ ಚೀಟಿ ಎತ್ತೋಣವೆನ್ನುತ್ತಾರೆ ಎಂಬರ್ಥದ ಉತ್ತರ ಗ್ರೀಕಿನಲ್ಲಿಯೇ ಬರುತ್ತದೆ. ಬೀಗದ ಜತೆಗೆ ಕೀಲಿಯನ್ನೂ ಕೊಟ್ಟಿರುವ ಸ್ಥಳ ಅದು. ಅರಿಯದ ನುಡಿಯನ್ನು ಬಿಡಿಸುವವನು ಮೊದಲು ಕುಳಿತುಕೊಳ್ಳಬೇಕಾದುದು ಅಲ್ಲಿ. ಪಾನಗೋಷ್ಠಿಯ ಮಾತುಗಳಿಗೆ ಮೂಲದಲ್ಲಿ ಅರ್ಥ ಕೊಟ್ಟಿಲ್ಲವಾದ್ದರಿಂದ ಅಲ್ಲಿ ಯಾವ ಅರ್ಥವನ್ನಾದರೂ ಕೂರಿಸಲು ಅವಕಾಶ ಹೆಚ್ಚು. ಚರ್ಚೆ ಹೆಚ್ಚಾಗಿ ಬೆಳೆದುದು ಅಲ್ಲಿಯೇ ಎಂಬುದು ವಿಚಾರಾರ್ಹ.

ಹಾಗಾದರೆ ಇದೆಲ್ಲ ಬರಿಯ ಬಡಬಡಿಕೆಯೇ? ಅಷ್ಟು ದೂರ ಹೋಗಲು ನಮಗೆ ಮನಸ್ಸಿಲ್ಲ. ರೋಮಿನ ಹಡಗುಗಳು ಮೆಣಸಿಗಾಗಿ ನಮ್ಮ ಪಡುಗಡಲಿಗೆ ಬರುತ್ತಿದ್ದುದು ಐತಿಹಾಸಿಕ ಸತ್ಯ. ಈಜಿಪ್ತದ ರೇವುಗಳಲ್ಲಿ ಕುಳಿತು ಹೆಂಡ ಕುಡಿಯುವ ನಾವಿಕನ ಬಾಯಲ್ಲಿ ಮಲಬಾರದ, ತುಳುನಾಡಿನ, ಕರಾವಳಿ ಕನ್ನಡದ ಹತ್ತು ಶಬ್ದಗಳು ಇದ್ದರೆ ಸೋಜಿಗವಿಲ್ಲ. ನಾಟಕಕಾರನು ಅಂಥ ನಾಲ್ಕು ಶಬ್ದಗಳನ್ನು ಕೇಳಿ, ಅವುಗಳ ನಾದದ ಜಾಡು ಹಿಡಿದು ಉಳಿದ ನಾನೂರನ್ನು ತಾನೇ ಹುಟ್ಟಿಸಿರಬಹುದು. ಹಳ್ಳಿಯ ಬಯಲಾಟದಲ್ಲಿ ಪರಂಗಿಯವನ ಪಾತ್ರ ಬಂದಾಗ ನಮ್ಮ ಹಾಸ್ಯಗಾರನು ಆಡುವ ಇಂಗ್ಲಿಷನ್ನು ನೆನೆಯಿರಿ: ಎರಡು ಶಬ್ದ ನಿಜ, ಮಿಕ್ಕುದೆಲ್ಲ ಆ ಎರಡರ ಮರಿಗಳು. ಸಭೆಗೆ ಅರ್ಥವಾಗಬಾರದು, ಆದರೆ ಯಾರ ಮಾತೆಂದು ಗುರುತು ಸಿಗಬೇಕು. ಕಲ್ಪಿತ ಭಾಷೆಯ ಶಬ್ದರಚನೆಯಲ್ಲಿ ಇದೇ ಮೊದಲ ವಿಧಾನ, ಅತ್ಯಂತ ಸುಲಭವಾದುದೂ ಹೌದು.

ಸುಲಭವಾದುದರಲ್ಲಿ ಒಂದು ಕೊಂಕು ಇರುತ್ತದೆ. ಈ ವಿಧಾನಕ್ಕೆ ಪರರ ನುಡಿ ಸದ್ದಾಗಿ ಮಾತ್ರ ಬೇಕು. ಗ್ರೀಕರು ಅನ್ಯರನ್ನು ಕರೆಯುತ್ತಿದ್ದ ‘ಬಾರ್ಬರ’ ಎಂಬ ಹೆಸರೇ ‘ಬರ್ ಬರ್’ ಎಂದು ಒದರುವವರು ಎಂಬ ಅನುಕರಣದಿಂದ ಬಂದುದು. ನಾವೇನೂ ಕಡಮೆಯಿಲ್ಲ, ‘ಮ್ಲೇಚ್ಛ’ ಎಂಬುದೂ ಅಸ್ಪಷ್ಟವಾಗಿ ನುಡಿಯುವುದೆಂಬ ಅರ್ಥದ ಧಾತುವಿಗೆ ಸೇರಿದುದು. ಪತಂಜಲಿಯ ಮಹಾಭಾಷ್ಯದಲ್ಲಿ ಅಸುರರು ‘ಅರಯಃ’ ಎನ್ನಲಾರದೆ ‘ಅಲಯಃ’ ಎಂದು ಕೂಗಿ ಸೋತರೆಂಬ ಪ್ರಸಂಗವಿದೆ. ರಕಾರ ಲಕಾರಗಳ ಅದಲುಬದಲಿನಿಂದಲೇ ಒಂದು ಜನವನ್ನು ಅಸುರರನ್ನಾಗಿಸಿದ ಪರಿ ಇದು. ಆದ್ದರಿಂದ ಆಕ್ಸಿರಿಂಕಸ್ ಪ್ರಹಸನದಲ್ಲಿ ಕನ್ನಡವಿದೆಯೆಂದು ಹಿಗ್ಗುವವರನ್ನು ಒಂದು ಪ್ರಶ್ನೆ ಕೇಳಬೇಕೆನಿಸುತ್ತದೆ. ಇದ್ದರೆ ಅದು ಯಾವ ಬಗೆಯಾಗಿ ಇದೆ? ಕುಡಿದು ಬಿದ್ದು ಮೋಸಹೋಗುವ ಮೂಢರ ಬಾಯಲ್ಲಿ, ತಮ್ಮಟೆಯ ಬಡಿತಕ್ಕೂ ವಿದೂಷಕನ ಅಪಾನಕ್ಕೂ ನಡುವೆ. ಆ ರಂಗದ ಮುಂದೆ ಕುಳಿತ ಸಭೆಗೆ ನಮ್ಮ ನುಡಿ ನಗೆಯ ಸಾಮಗ್ರಿಯಾಗಿತ್ತು. ಸಾಕ್ಷ್ಯವಾಗಿ ಅದು ಅಮೂಲ್ಯವಾದೀತು, ಪ್ರಶಸ್ತಿಯಾಗಿ ಅಲ್ಲ.

ಎರಡನೆಯ ವಿಧಾನಕ್ಕೆ ನಮ್ಮಲ್ಲಿಯೇ ಒಬ್ಬ ಆಚಾರ್ಯನಿದ್ದಾನೆ. ಹದಿಮೂರನೆಯ ಶತಮಾನದ ಅಂಡಯ್ಯನು ಸಂಸ್ಕೃತದ ತತ್ಸಮಗಳನ್ನು ಸಂಪೂರ್ಣ ತೊರೆದು, ದೇಶ್ಯ ತದ್ಭವಗಳಿಂದಲೇ ‘ಕಬ್ಬಿಗರ ಕಾವ’ವನ್ನು ರಚಿಸಿದನು. ಕಾಮನು ಶಿವನ ಮೇಲೆ ಯುದ್ಧಕ್ಕೆ ಹೋಗಿ, ಬಾಣ ಹೂಡಿ ಅವನನ್ನು ಅರ್ಧನಾರಿಯಾಗಿಸುವ ಕಥೆಯದು. ಜೈನಕವಿಯ ಈ ಕಲ್ಪನೆ ನಮ್ಮ ಓದುಗರಲ್ಲಿ ಕೆಲವರಿಗೆ ರುಚಿಸದಿರಬಹುದು. ರುಚಿಸದವರು ಕಥೆಯನ್ನು ಬಿಟ್ಟು ಭಾಷೆಯನ್ನು ನೋಡಲಿ. ಅಲ್ಲಿ ಕಲಿಯುವುದು ಬಹಳವಿದೆ.

ಅಂಡಯ್ಯನ ಭಾಷೆಯನ್ನು ಶುದ್ಧ ಕನ್ನಡವೆಂದು ಹೊಗಳುವುದು ರೂಢಿ. ನಮ್ಮ ಅಭಿಪ್ರಾಯದಲ್ಲಿ ಅದು ಒಂದು ಕಲ್ಪಿತ ಕನ್ನಡ. ಸಂಸ್ಕೃತದ ಸಂಪರ್ಕವಿದ್ದೂ ಅದರ ಮೂಲರೂಪದ ಒಂದೇ ಒಂದು ಶಬ್ದವನ್ನೂ ನುಡಿಯದ ಕನ್ನಡ ನಾಡು ಹದಿಮೂರನೆಯ ಶತಮಾನದಲ್ಲಿ ಎಲ್ಲಿಯೂ ಇರಲಿಲ್ಲ. ಅಂಥ ನಾಡೊಂದಿದ್ದರೆ ಅಲ್ಲಿಯ ಕವಿ ಹೇಗೆ ಹಾಡಿಯಾನು ಎಂಬುದನ್ನು ಅವನು ಊಹಿಸಿ ಬರೆದಿದ್ದಾನೆ. ಅವನ ಉಪಾಯ ಸರಳವಾದುದು. ಜನರ ಬಾಯಿ ಸಂಸ್ಕೃತ ಶಬ್ದವನ್ನು ಹೇಗೆ ಸವೆಸುತ್ತದೆಂಬ ನಿಯಮಗಳು ಅವನಿಗೆ ಗೊತ್ತಿದ್ದುವು. ಹೆಚ್ಚುಕಡಮೆ ಅದೇ ಶತಮಾನದಲ್ಲಿ ಕೇಶಿರಾಜನು ಶಬ್ದಮಣಿದರ್ಪಣದ ಅಪಭ್ರಂಶ ಪ್ರಕರಣದಲ್ಲಿ ಆ ನಿಯಮಗಳನ್ನು ಸೂತ್ರವಾಗಿಸಿದ್ದಾನೆ: ಮಹಾಪ್ರಾಣ ಹೋಗುವುದು, ಶಕಾರ ಷಕಾರಗಳು ಸಕಾರವಾಗುವುದು, ಯಕಾರ ಜಕಾರವಾಗುವುದು, ಒತ್ತಕ್ಷರ ಸಜಾತಿಯಾಗುವುದು. ಯಾತ್ರೆ ಜಾತ್ರೆಯಾದುದು, ವಿದ್ಯೆ ಬಿಜ್ಜೆಯಾದುದು, ಸ್ವರ್ಗ ಸಗ್ಗವಾದುದು, ಕಾವ್ಯ ಕಬ್ಬವಾದುದು ಹೀಗೆಯೇ. ಇವು ಜನ ಸವೆಸಿದ ಶಬ್ದಗಳು. ಜನ ಸವೆಸದೆ ಬಿಟ್ಟ ಶಬ್ದ ಬೇಕಾದಾಗ ಅದನ್ನೂ ಅದೇ ಗಾಣಕ್ಕೆ ಹಾಕುವುದು ಒಂದೇ ದಾರಿ. ಕಾಮನನ್ನು ಕಾವನೆಂದು ಕರೆದು ಶೀರ್ಷಿಕೆಯಲ್ಲಿ ಕೂರಿಸಿದಂತೆ, ಒಂದಿಡೀ ಕಾವ್ಯದ ತುಂಬ ಬರುವ ತದ್ಭವಗಳೆಲ್ಲವೂ ಆಗ ಬೀದಿಯಲ್ಲಿ ಓಡಾಡುತ್ತಿದ್ದುವೆಂದು ನಂಬುವುದು ಕಷ್ಟ. ಓದುವಾಗ ಮಾತ್ರ ಅವು ಹುಟ್ಟಿಸಿದುವೆನಿಸುವುದಿಲ್ಲ, ನಾವು ಮರೆತುಬಿಟ್ಟುವೆನಿಸುತ್ತವೆ.

ಇದನ್ನು ಓದುವಾಗ ಇಂಗ್ಲೆಂಡಿನ ಟೋಲ್ಕಿನ್ ನೆನಪಾಗುವುದು ಸಹಜ. ಆಕ್ಸ್‌ಫರ್ಡಿನಲ್ಲಿ ಹಳೆಯ ಇಂಗ್ಲಿಷನ್ನು ಬೋಧಿಸುತ್ತಿದ್ದ ಈ ಪ್ರಾಧ್ಯಾಪಕರು 1931ರ ಒಂದು ಉಪನ್ಯಾಸದಲ್ಲಿ ಭಾಷೆ ಕಟ್ಟುವ ತಮ್ಮ ಗೀಳನ್ನು ಗುಟ್ಟಿನ ದುಶ್ಚಟವೆಂದು ಕರೆದುಕೊಂಡರು. ತಮ್ಮ ಕಥಾಲೋಕದ ಎಲ್ಫ್ ಎಂಬ ದೇವಜಾತಿಗೆ ಅವರು ಒಂದು ಮೂಲಭಾಷೆಯನ್ನು ಕಲ್ಪಿಸಿ, ಧ್ವನಿವ್ಯತ್ಯಾಸದ ನಿಯಮಗಳನ್ನು ಅನ್ವಯಿಸಿ, ಅದರಿಂದ ಕ್ವೆನ್ಯ ಸಿಂಡರಿನ್ ಎಂಬ ಎರಡು ದಾಯಾದಿ ಭಾಷೆಗಳನ್ನು ಇಳಿಸಿದರು. ಒಂದೇ ಬೇರು ಎರಡರಲ್ಲಿಯೂ ಬೇರೆ ಬೇರೆ ರೂಪ ತಾಳುವುದು, ನಮ್ಮಲ್ಲಿ ಪಾಲು ಎಂಬುದು ತಮಿಳಿನಲ್ಲಿ ಪಕಾರವನ್ನು ಉಳಿಸಿಕೊಂಡು ಕನ್ನಡದಲ್ಲಿ ಹಾಲಾದಂತೆ. ಶಬ್ದಕ್ಕೆ ವಯಸ್ಸು ಬರುವುದು ಹೀಗೆ. ಏಳು ಶತಮಾನಗಳ ಅಂತರದಲ್ಲಿ ಇಬ್ಬರೂ ಹಿಡಿದುದು ಒಂದೇ ಸೂಕ್ಷ್ಮ: ಶಬ್ದವನ್ನು ಹುಟ್ಟಿಸಬೇಡ, ಸವೆಸು. ಆದರೆ ಟೋಲ್ಕಿನ್ನರಿಗೆ ಅಸಂಖ್ಯ ಹಿಂಬಾಲಕರು ದೊರೆತರು. ಅಂಡಯ್ಯನ ದಾರಿಯಲ್ಲಿ ಮುಂದೆ ಹೆಜ್ಜೆಯಿಟ್ಟವರು ವಿರಳ. ಇಪ್ಪತ್ತನೆಯ ಶತಮಾನದಲ್ಲಿ ‘ಕಾಲೂರ ಚೆಲುವೆ’ಯನ್ನು ಬರೆದ ಕೊಳಂಬೆ ಪುಟ್ಟಣ್ಣಗೌಡರಂಥ ಒಬ್ಬಿಬ್ಬರು.

ಇಂದಿನ ಯುವಕರು ಈ ವಿಷಯದಲ್ಲಿ ಮೊದಲು ಹೆಸರಿಸುವುದು ಚಲನಚಿತ್ರಗಳನ್ನು. 1985ರಲ್ಲಿ ಮಾರ್ಕ್ ಓಕ್ರಂಡ್ ಎಂಬ ಭಾಷಾವಿಜ್ಞಾನಿ, ಅಮೆರಿಕದ ಚಿತ್ರವೊಂದಕ್ಕಾಗಿ ಕಟ್ಟಿದ ಕ್ಲಿಂಗಾನ್ ಭಾಷೆಯ ನಿಘಂಟನ್ನೇ ಅಚ್ಚು ಮಾಡಿಸಿದರು. ಕರ್ಮ ಮೊದಲು, ಆಮೇಲೆ ಕ್ರಿಯೆ, ಕಡೆಗೆ ಕರ್ತೃ ಎಂಬ, ಲೋಕದ ಭಾಷೆಗಳಲ್ಲಿ ಬಹು ಅಪರೂಪದ ಪದಕ್ರಮವನ್ನು ಬೇಕೆಂದೇ ಆರಿಸಿಕೊಂಡರು. ನಮ್ಮ ಕಡೆ 2015ರ ‘ಬಾಹುಬಲಿ’ ಚಿತ್ರದ ಕಾಲಕೇಯರಿಗಾಗಿ ತಮಿಳಿನ ಗೀತಕಾರ ಮದನ್ ಕಾರ್ಕಿ ‘ಕಿಲಿಕಿ’ ಎಂಬ ಭಾಷೆಯನ್ನು ರಚಿಸಿದರು. ಸುಮಾರು 750 ಶಬ್ದಗಳೂ 40 ವ್ಯಾಕರಣ ನಿಯಮಗಳೂ ಅದಕ್ಕಿದ್ದುವೆಂದು ವರದಿಯಾಯಿತು. ‘ನಾನು’ ಎಂಬುದಕ್ಕೆ ‘ಮಿನ್’, ಅದನ್ನು ತಿರುವಿಹಾಕಿ ‘ನೀನು’ ಎಂಬುದಕ್ಕೆ ‘ನಿಮ್’. ಜಾಣತನದ ಕಟ್ಟಡವೇ ಸರಿ. ಆದರೂ ಕನ್ನಡದ ಕಿವಿಗೆ ‘ನಿಮ್’ ಎಂಬುದು ಅಪರಿಚಿತವಾಗುವುದು ಸಾಧ್ಯವೇ? ‘ನಿಮ್ಮ’, ‘ನಿಮಗೆ’ ಎಂದು ದಿನವೂ ಹೇಳುವ ನಾಲಗೆ ನಮ್ಮದು. ಕಟ್ಟುವವನು ತನ್ನ ತಾಯಿನುಡಿಯಿಂದ ಎಷ್ಟು ದೂರ ಓಡಿದರೂ ಅದು ಸರ್ವನಾಮದಲ್ಲಿ ಬಂದು ಸೇರಿಕೊಳ್ಳುತ್ತದೆ. ಇದು ದೋಷವಲ್ಲ, ಗುರುತು. ನಮಗೆ ಒಪ್ಪಿಗೆಯಾಗದುದು ಬೇರೆ. ಆ ಭಾಷೆಯನ್ನು ಕೊಟ್ಟುದು ಕರಿಯ ಮೈಯ, ಕ್ರೂರರಾದ, ಸೋಲಲೆಂದೇ ಬಂದ ಒಂದು ಪಡೆಗೆ. ಈಜಿಪ್ತದ ಆ ಪ್ರಹಸನದಲ್ಲಿ ಅನ್ಯಭಾಷೆ ನಗೆಗಾಗಿ, ಇಲ್ಲಿ ಭಯಕ್ಕಾಗಿ. ಎರಡೂ ಕಡೆ ಆ ನುಡಿಯಲ್ಲಿ ಯಾರೂ ಮಗುವನ್ನು ಮಲಗಿಸುವುದಿಲ್ಲ. ಕಾರ್ಕಿಯವರು ಮುಂದೆ ಆ ಭಾಷೆಯನ್ನು ಚಿತ್ರದ ಹೊರಗೆ ಬೆಳೆಸಲು ದುಡಿದುದನ್ನು ನೋಡಿದರೆ, ಅವರಿಗೂ ಆ ಪಾತ್ರಗಳ ಬಾಯಿ ಸಾಲದೆನಿಸಿರಬೇಕು.

ಈ ಚರ್ಚೆ ನಡೆದಾಗಲೆಲ್ಲ ಯಾರಾದರೊಬ್ಬರು ಅಲ್ಲಮಪ್ರಭುವಿನ ಬೆಡಗಿನ ವಚನಗಳನ್ನು ಎತ್ತುವರು. ಅಂದು ಸಕ್ರೆಬೈಲಿನಲ್ಲಿಯೂ ಹಾಗೆಯೇ ಆಯಿತು. ಪ್ರಭುವು ಹುಟ್ಟಿದ ಬಳ್ಳಿಗಾವಿ ನಮ್ಮ ಜಿಲ್ಲೆಯದೇ ಆದ್ದರಿಂದ ವಿದ್ಯಾರ್ಥಿಗಳಿಗೆ ಅಭಿಮಾನ ಹೆಚ್ಚು. ಬೆಡಗಿನ ಭಾಷೆಯೇ ನಮ್ಮ ಮೊದಲ ಕಲ್ಪಿತ ಭಾಷೆಯಲ್ಲವೇ, ಎಂದು ಒಬ್ಬನು ಉತ್ಸಾಹದಿಂದ ಕೇಳಿದನು. ಅಲ್ಲವೆಂದು ಖಂಡಿತವಾಗಿ ಹೇಳಬೇಕಾಗಿದೆ. ಈ ತಪ್ಪು ತಿಳಿವಳಿಕೆ ವಿದ್ಯಾರ್ಥಿಗಳಲ್ಲಿ ಮಾತ್ರವಲ್ಲ, ಕೆಲವು ಪಠ್ಯಗಳಲ್ಲಿಯೂ ಇದೆ. ಬೆಡಗಿನಲ್ಲಿ ಹುಟ್ಟಿಸಿದ ಶಬ್ದ ಇಲ್ಲವೆಂದೇ ಹೇಳಬಹುದು. ಬೆಟ್ಟ, ಮರ, ಹಾವು, ಕಪ್ಪೆ, ಬೆಕ್ಕು, ಕೋಳಿ, ಮನೆ, ಬೆಂಕಿ: ಹಳ್ಳಿಯ ಮಗುವಿಗೂ ಗೊತ್ತಿರುವ ಮಾತುಗಳು. ಅವು ಕೂಡಿದಾಗ ನಡೆಯುವ ಸಂಗತಿ ಮಾತ್ರ ಲೋಕದಲ್ಲಿ ನಡೆಯದಂಥದು. ಬೌದ್ಧ ಸಿದ್ಧರ ಸಂಧಾಭಾಷೆಯೂ ಕಬೀರನ ಉಲಟಬಾಂಸಿಯೂ ಈ ಜಾತಿಗೆ ಸೇರಿದುವು. ಕಲ್ಪಿತ ಭಾಷೆಯಲ್ಲಿ ಶಬ್ದ ಅಪರಿಚಿತ, ಅರ್ಥ ಪರಿಚಿತ. ಬೆಡಗಿನಲ್ಲಿ ಶಬ್ದ ಪರಿಚಿತ, ಅರ್ಥ ಅಪರಿಚಿತ.

ಇಲ್ಲಿ ಒಂದು ಸಂಕೋಚದ ಮಾತನ್ನೂ ಆಡಬೇಕು. ಬೆಡಗಿಗೆ ಟೀಕೆ ಬರೆದ ನಮ್ಮ ಹಿರಿಯರು ದೊಡ್ಡ ಉಪಕಾರ ಮಾಡಿದ್ದಾರೆ. ಅವರಿಲ್ಲದೆ ಎಷ್ಟೋ ವಚನಗಳ ಸಂಪ್ರದಾಯಾರ್ಥ ನಮಗೆ ದಕ್ಕುತ್ತಿರಲಿಲ್ಲ. ಆದರೆ ಟೀಕೆಯನ್ನು ಕೋಶವೆಂದು ಓದುವ ಅಭ್ಯಾಸ ಬೆಳೆದಿರುವುದು ಅನರ್ಥಕ್ಕೆ ಕಾರಣವಾಗಿದೆ. ಇಂಥ ಪ್ರಾಣಿಯೆಂದರೆ ಇಂಥ ತತ್ತ್ವ, ಇಂಥ ಬಣ್ಣವೆಂದರೆ ಇಂಥ ಸ್ಥಲ ಎಂದು ಪಟ್ಟಿ ಮಾಡಿ ಬಾಯಿಪಾಠ ಒಪ್ಪಿಸುವ ವಿದ್ಯಾರ್ಥಿಗೆ ವಚನವು ಗೂಢಲಿಪಿಯಾಗಿ ತೋರುವುದು. ಲಿಪಿ ಬಿಡಿಸಿದ ಮೇಲೆ ವಚನದ ಕೆಲಸವೇನು? ಎಸೆದುಬಿಡಬಹುದು. ಎಡಗಡೆ ಕನ್ನಡ, ಬಲಗಡೆ ಹೊಸ ಶಬ್ದ ಎಂಬ ನಮ್ಮ ವಿದ್ಯಾರ್ಥಿನಿಯ ಪುಸ್ತಕವೂ ಇದೇ ಭಾವನೆಯಿಂದ ಹುಟ್ಟಿದುದು. ಅವಳು ಮಾಡಿದುದು ಭಾಷೆಯಲ್ಲ, ಕನ್ನಡಕ್ಕೆ ತೊಡಿಸಿದ ಮುಸುಕು.

ಶರಣರು ನಿಜವಾಗಿ ನುಡಿ ಕಟ್ಟಿದುದು ಬೇರೆಡೆ. ‘ಕಾಯಕ’ವನ್ನು ನೋಡಿರಿ. ಕಾಯಕ್ಕೆ ಸಂಬಂಧಿಸಿದುದು ಎಂಬಷ್ಟೇ ಅರ್ಥವುಳ್ಳ ಶಬ್ದವನ್ನು ಎತ್ತಿ, ದುಡಿಮೆ ಪೂಜೆಗಳೆರಡನ್ನೂ ಒಂದೇ ಪಾತ್ರೆಯಲ್ಲಿ ತುಂಬಿದರು. ‘ದಾಸೋಹ’ವಂತೂ ಇನ್ನೂ ವಿಸ್ಮಯಕರ. ‘ನಾನು ದಾಸನು’ ಎಂಬ ಸಂಸ್ಕೃತದ ಒಂದು ಪೂರ್ಣ ವಾಕ್ಯವೇ ಸವೆದು ಕನ್ನಡದ ನಾಮಪದವಾಯಿತು. ‘ಸೋಹಂ’ ಎಂಬ ಮಹಾವಾಕ್ಯದ ಎದುರಿಗೆ ನಿಂತ ವಾಕ್ಯ, ಇಂದು ಮಠದ ಪಂಕ್ತಿಯಲ್ಲಿ ಅನ್ನ ಬಡಿಸುವ ಕ್ರಿಯೆಗೆ ಹೆಸರಾಗಿದೆ. ‘ದಾಸೋಹಕ್ಕೆ ಬನ್ನಿ’ ಎನ್ನುವ ಮುದುಕಿಗೆ ಅದರೊಳಗೆ ಒಂದು ‘ನಾನು’ ಅಡಗಿರುವುದು ತಿಳಿಯದು, ತಿಳಿಯಬೇಕಾಗಿಯೂ ಇಲ್ಲ. ವಾಕ್ಯವೊಂದು ಶಬ್ದವಾಗುವ ಇಂಥ ದಾರಿ, ಮೇಜಿನ ಮುಂದೆ ಕುಳಿತು ಕೋಶ ಬರೆಯುವ ಯಾವ ಕಾದಂಬರಿಕಾರನಿಗೂ ಸುಲಭವಾಗಿ ಹೊಳೆಯದು. ಅರಿವು, ಕುರುಹು, ಮರಹು, ಬಯಲು ಮೊದಲಾದುವನ್ನೂ ಹೀಗೆಯೇ ನೋಡಬಹುದು. ಒಂದು ಜನ ಹೊಸದಾಗಿ ಬದುಕತೊಡಗಿದುದರಿಂದ ಹಳೆಯ ಶಬ್ದಗಳು ಸಾಲದಾದುವು.

ಈಗ ಆ ಹೆಣ್ಣುಮಗಳ ಪುಸ್ತಕಕ್ಕೆ ಬರೋಣ. ಅವಳ ಬೆಟ್ಟದ ಜನಕ್ಕೆ ‘ಅಡಕೆ’ಗೆ ಒಂದು ಶಬ್ದವಿತ್ತು. ಶಿವಮೊಗ್ಗೆಯ ಮಂಡಿಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಬೇರೆ ಬೇರೆ ಧಾರಣೆಗೆ ಬೇರೆ ಬೇರೆ ಹೆಸರು. ಬೆಳೆಯುವವನಿಗೆ ಬರಿಯ ಅಡಕೆ ಎಂಬುದೊಂದು ವಸ್ತುವೇ ಅಲ್ಲ. ಅಕ್ಕ ತಂಗಿಯರಿಬ್ಬರಿಗೂ ಇಂಗ್ಲಿಷಿನವನಿಗೆ ಒಂದೇ ಮಾತು ಸಾಕು, ನಮಗೆ ಸಾಲದು. ಅವಳ ಜನ ಯಾವುದನ್ನು ಎರಡೆಂದು ಎಣಿಸುತ್ತಾರೆ, ಯಾವುದನ್ನು ಒಂದೆಂದು ಬಿಡುತ್ತಾರೆ, ಯಾರನ್ನು ಹೆಸರು ಹಿಡಿದು ಕರೆಯುವುದಿಲ್ಲ, ಯಾವುದನ್ನು ಕತ್ತಲಾದ ಮೇಲೆ ನುಡಿಯುವುದಿಲ್ಲ, ಎಂಬುದೊಂದೂ ಆ ಪುಸ್ತಕದಲ್ಲಿರಲಿಲ್ಲ. ಎಲ್ಲ ಶಬ್ದಗಳೂ ಒಂದೇ ದಿನ ಹುಟ್ಟಿದಂತೆ ನುಣುಪಾಗಿದ್ದುವು. ಸವೆದುದು, ನೆರೆಯವರಿಂದ ಎರವಲು ತಂದುದು, ಅಜ್ಜಿಯರು ಮಾತ್ರ ಆಡುವುದು ಎಂಬ ಭೇದವಿರಲಿಲ್ಲ. ಆನೆಯ ಮಾತಿನಲ್ಲಿ ಕೂಡ ಹಿಂದುಸ್ತಾನಿಯ ತುಣುಕು ಕನ್ನಡದ ಕಾಡಿಗೆ ಬಂದು ನೆಲಸಿರುವಾಗ, ಒಂದು ಬೆಟ್ಟದ ಜನಕ್ಕೆ ಎರವಿನ ಶಬ್ದವೇ ಇಲ್ಲವೆಂದರೆ ಅವರು ಸಂತೆಗೆ ಹೋದವರೇ ಅಲ್ಲವೆಂದಾಯಿತು.

ಇಷ್ಟನ್ನು ಬರೆದು ಅವಳಿಗೆ ಕಳುಹಿಸಿದ ಎರಡು ತಿಂಗಳ ಮೇಲೆ ಉತ್ತರ ಬಂದಿತು. ಇನ್ನೂರು ಶಬ್ದಗಳಲ್ಲಿ ಹದಿನಾಲ್ಕನ್ನು ಮಾತ್ರ ಉಳಿಸಿಕೊಂಡಿರುವುದಾಗಿಯೂ, ಕಾದಂಬರಿಯನ್ನು ಸದ್ಯಕ್ಕೆ ಬದಿಗಿಟ್ಟು ಒಂದು ಚಿಕ್ಕ ನಾಟಕವನ್ನು ಬರೆಯುತ್ತಿರುವುದಾಗಿಯೂ ತಿಳಿಸಿದ್ದಾಳೆ. ಪಡುಗಡಲ ತೀರದ ಒಂದು ಊರು. ಹಡಗಿನಲ್ಲಿ ಬಂದ ಪರದೇಶಿಗಳು. ಗುಡಿಯಲ್ಲಿ ಒಬ್ಬ ಪರದೇಶದ ಹೆಣ್ಣು. ಈ ಸಲ ಊರಿನವರೆಲ್ಲ ಕನ್ನಡವನ್ನೇ ಆಡುತ್ತಾರೆ, ಹಡಗಿನವರ ಮಾತು ಮಾತ್ರ ಸಭೆಗೆ ಅರ್ಥವಾಗದು. ತಾನು ಬರೆದಿರುವ ಆ ಗ್ರೀಕ್ ಬಡಬಡಿಕೆಯಲ್ಲಿ ಎಲ್ಲಿಯಾದರೂ ತಪ್ಪಿ ನಿಜವಾದ ಗ್ರೀಕ್ ಬಂದುಬಿಟ್ಟಿದೆಯೇ ನೋಡಿ ಹೇಳಿರೆಂದು ನಮ್ಮನ್ನು ಕೇಳಿದ್ದಾಳೆ. ಅಷ್ಟು ಗ್ರೀಕ್ ನಮಗೆ ಬಾರದು, ಬಲ್ಲವರೊಬ್ಬರಿಗೆ ಕಳುಹಿಸಿಕೊಟ್ಟಿದ್ದೇವೆ.